ಜಮೀನಿನ ಸಣ್ಣ ಅಣೆಕಟ್ಟು: ನೀರು ಬರಲಿ, ಮಣ್ಣು ಬರಬಾರದು

ಒಂದು ಹೆಕ್ಟೇರ್ ಜಾಗದಲ್ಲಿ ಸರಾಸರಿ 2 ಮೀಟರ್ ಆಳದ ನೀರು ನಿಂತಿದೆ ಅಂದುಕೊಳ್ಳಿ. ನೋಡಲು ದೊಡ್ಡದೇನಲ್ಲ. ಈ ದಡದಲ್ಲಿ ನಿಂತು ಆಚೆ ದಡದವರನ್ನು ಕೂಗಿ ಮಾತಾಡಿಸಬಹುದು. ಆದರೆ ಅಲ್ಲಿರುವುದು 20,000 ಘನ ಮೀಟರ್ ನೀರು. ಲೀಟರ್ ಲೆಕ್ಕದಲ್ಲಿ 2 ಕೋಟಿ, ತೂಕದಲ್ಲಿ 20,000 ಟನ್. ಅಷ್ಟನ್ನೂ ತಡೆದು ನಿಲ್ಲಿಸಿರುವುದು ಒಂದು ಮಣ್ಣಿನ ಏರಿ. ಅದನ್ನು ನೋಡಿಕೊಳ್ಳಬೇಕಾದವರೂ ಜಮೀನಿನ ಮಾಲೀಕರೇ, ಒಡೆದರೆ ಉತ್ತರ ಹೇಳಬೇಕಾದವರೂ ಅವರೇ.

ದೊಡ್ಡ ಅಣೆಕಟ್ಟಿಗೆ ಎಂಜಿನಿಯರ್‌ಗಳಿರುತ್ತಾರೆ, ಅಳತೆ ಉಪಕರಣಗಳಿರುತ್ತವೆ, ವರ್ಷಕ್ಕೊಮ್ಮೆಯಾದರೂ ಯಾರೋ ಬಂದು ವರದಿ ಬರೆಯುತ್ತಾರೆ. ಅಂತರರಾಷ್ಟ್ರೀಯ ದೊಡ್ಡ ಅಣೆಕಟ್ಟುಗಳ ಆಯೋಗದ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ್ದು ದೊಡ್ಡ ಅಣೆಕಟ್ಟು. 5ರಿಂದ 15 ಮೀಟರ್ ಎತ್ತರವಿದ್ದರೂ 30 ಲಕ್ಷ ಘನ ಮೀಟರಿಗಿಂತ ಜಾಸ್ತಿ ನೀರು ಹಿಡಿದರೆ ಅದೂ ದೊಡ್ಡದೇ. ಹೊಲಕ್ಕೆ ನೀರುಣಿಸಲು ಕಟ್ಟಿಕೊಂಡ ಬಹುಪಾಲು ಕಟ್ಟೆಗಳು ಈ ಗೆರೆಯ ಕೆಳಗೇ ಉಳಿಯುತ್ತವೆ. ಅವುಗಳ ತಪಾಸಣೆಗೆ ಹೊರಗಿನವರು ಬರುವುದು ಕಡಿಮೆ. ಮಾಲೀಕರು ನೋಡದಿದ್ದರೆ ಇನ್ಯಾರೂ ನೋಡುವುದಿಲ್ಲ.

ಕಟ್ಟೆ ಸಣ್ಣದಾದರೆ ಅಪಾಯವೂ ಸಣ್ಣದು ಎಂದು ನಂಬಬೇಡಿ. 1977ರ ನವೆಂಬರ್ 6ರಂದು ಮಧ್ಯರಾತ್ರಿ ಕಳೆದ ಮೇಲೆ ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಮಣ್ಣಿನ ಅಣೆಕಟ್ಟು ಒಡೆಯಿತು. ಕೆಳಗಿದ್ದ ಕಾಲೇಜಿನ ಆವರಣದಲ್ಲಿ ಮಲಗಿದ್ದ 39 ಜನ ಸತ್ತರು. 2018ರ ಮೇ 9ರ ರಾತ್ರಿ ಕೆನ್ಯಾದ ಸೊಲಾಯ್‌ನಲ್ಲಿ ಖಾಸಗಿ ತೋಟವೊಂದರ ನೀರಾವರಿ ಕಟ್ಟೆ ಒಡೆದು 40ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅಪಾಯವನ್ನು ಅಳೆಯಬೇಕಾದದ್ದು ಏರಿಯ ಎತ್ತರದಿಂದ ಅಲ್ಲ, ಅದರ ಕೆಳಗೆ ಯಾರಿದ್ದಾರೆ ಎಂಬುದರಿಂದ. ಕಟ್ಟೆ ಕಟ್ಟಿದಾಗ ಕೆಳಗೆ ಬರೀ ಹೊಲ ಇದ್ದಿರಬಹುದು. ಇಪ್ಪತ್ತು ವರ್ಷ ಕಳೆದ ಮೇಲೆ ಅಲ್ಲೊಂದು ಮನೆ, ಕೂಲಿಯವರ ಸಾಲು ಗುಡಿಸಲು, ಒಂದು ರಸ್ತೆ ಬಂದಿರುತ್ತದೆ. ಕಟ್ಟೆ ಅದೇ, ಅಪಾಯ ಮಾತ್ರ ಬೆಳೆದಿರುತ್ತದೆ.

ಏರಿ ಒಡೆಯುವುದು ಹೇಗೆ

ಮಣ್ಣಿನ ಏರಿ ಒಡೆದ ಕಾರಣಗಳನ್ನು ಹುಡುಕುತ್ತಾ ಹೋದರೆ ಹೆಚ್ಚಿನವು ಎರಡು ದಾರಿಗೆ ಬಂದು ಸೇರುತ್ತವೆ. ನೀರು ಏರಿಯ ತಲೆ ಹತ್ತಿ ಆಚೆ ಬದಿಗೆ ಹರಿದು ಮಣ್ಣು ಕೊಚ್ಚುವುದು ಒಂದು. ಏರಿಯ ಹೊಟ್ಟೆಯೊಳಗೆ ನುಸುಳಿ ಒಳಗಿಂದಲೇ ಮಣ್ಣು ಹೊತ್ತೊಯ್ಯುವುದು ಇನ್ನೊಂದು. ಇಳಿಜಾರು ಕುಸಿದು ಜಾರುವುದೂ ಉಂಟು, ಅದರ ಪಾಲು ಕಡಿಮೆ.

ಎರಡರಲ್ಲೂ ಕೊನೆಗೆ ಆಗುವುದು ಒಂದೇ, ಮಣ್ಣು ಜಾಗ ಬಿಡುತ್ತದೆ. ಹಾಗಾಗಿ ಕಟ್ಟೆ ನೋಡಿಕೊಳ್ಳುವವರಿಗೆ ತಲೆಯಲ್ಲಿ ಒಂದು ಪ್ರಶ್ನೆ ಇದ್ದರೆ ಸಾಕು: ನೀರು ಯಾವ ದಾರಿಯಲ್ಲಿ ಹೊರಗೆ ಬರುತ್ತಿದೆ, ಬರುವಾಗ ಮಣ್ಣನ್ನೂ ತರುತ್ತಿದೆಯಾ? ನೀರು ಬಂದೇ ಬರುತ್ತದೆ. ಒಂದು ಹನಿಯೂ ಒಸರದ ಮಣ್ಣಿನ ಏರಿ ಇಲ್ಲ. ಹೆಚ್ಚಾದ ನೀರು ಕೋಡಿಯಲ್ಲಿ ಹೋಗಬೇಕು, ಬೇಕಾದ ನೀರು ತೂಬಿನಲ್ಲಿ ಬರಬೇಕು, ಒಸರುವ ನೀರು ತಿಳಿಯಾಗಿ ಪಾದದ ಹತ್ತಿರ, ಅಂದರೆ ಏರಿಯ ಹೊರಬದಿಯ ಬುಡದಲ್ಲಿ ಹೊರಡಬೇಕು. ಈ ಮೂರು ದಾರಿ ಬಿಟ್ಟು ನಾಲ್ಕನೆಯದು ಹುಟ್ಟದಂತೆ ನೋಡಿಕೊಳ್ಳುವುದೇ ನಿರ್ವಹಣೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ನೀರು ಹಿಂದಕ್ಕೆ ದೂರದವರೆಗೆ ನಿಂತಷ್ಟೂ ಏರಿಯ ಮೇಲೆ ಒತ್ತಡ ಜಾಸ್ತಿ ಅಂದುಕೊಳ್ಳುತ್ತಾರೆ. ಒತ್ತಡ ಆಳಕ್ಕೆ ತಕ್ಕಂತೆ ಇರುತ್ತದೆ, ಹರಹಿಗೆ ತಕ್ಕಂತೆ ಅಲ್ಲ. 5 ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 5 ಟನ್ ಒತ್ತಡ ಬೀಳುತ್ತದೆ, ಹಿಂದೆ ಇರುವುದು ಬಾವಿಯಷ್ಟು ನೀರಾದರೂ ಅಷ್ಟೇ, ಸಮುದ್ರದಷ್ಟು ನೀರಾದರೂ ಅಷ್ಟೇ. ಹರಹು ಲೆಕ್ಕಕ್ಕೆ ಬರುವುದು ಏರಿ ಒಡೆದ ಮೇಲೆ. ಎಷ್ಟು ನೀರು, ಎಷ್ಟು ಹೊತ್ತು ಹರಿಯುತ್ತದೆ ಅನ್ನುವುದು ಅದರಿಂದ ತೀರ್ಮಾನವಾಗುತ್ತದೆ.

ಕೋಡಿಯನ್ನು ಮುಟ್ಟಬೇಡಿ

ಒಂದೇ ಒಂದು ಮಾತು ಹೇಳಿ ಮುಗಿಸು ಅಂದರೆ ನಾನು ಕೋಡಿಯ ಬಗ್ಗೆ ಹೇಳುತ್ತೇನೆ. ಜೋರು ಮಳೆ ಬಂದ ದಿನ ಕಟ್ಟೆಯನ್ನು ಉಳಿಸುವುದು ಅದೊಂದೇ.

ಕೋಡಿ ಇರುವುದು ಸಾಮಾನ್ಯವಾಗಿ ಏರಿಯ ಒಂದು ತುದಿಯಲ್ಲಿ, ಯಾರೂ ತುಂಬದ ಗಟ್ಟಿ ನೆಲದ ಮೇಲೆ. ಅದರ ಮಟ್ಟ ಏರಿಯ ತಲೆಗಿಂತ ಕೆಳಗಿರುತ್ತದೆ. ಸಣ್ಣ ಕಟ್ಟೆಗಳಲ್ಲಿ ಕನಿಷ್ಠ 1 ಮೀಟರ್ ಅಂತರ ಬಿಡುವುದು ವಾಡಿಕೆ. ಆ ಒಂದು ಮೀಟರ್ ಸುಮ್ನೆ ಬಿಟ್ಟ ಜಾಗ ಅಲ್ಲ. ನೆರೆ ಬಂದಾಗ ಕೋಡಿಯಲ್ಲೇ ನೀರು ಅರ್ಧ ಮೀಟರ್ ದಪ್ಪ ಹರಿಯಬಹುದು, ಅದರ ಮೇಲೆ ಗಾಳಿಗೆ ಎದ್ದ ಅಲೆ ಏರಿಗೆ ಬಡಿಯುತ್ತದೆ, ಮಣ್ಣು ವರ್ಷ ಕಳೆದಂತೆ ಕುಗ್ಗಿ ಕೂರುತ್ತದೆ. ಇದೆಲ್ಲಕ್ಕೂ ಸೇರಿಸಿ ಇಟ್ಟ ಅಂತರ ಅದು.

ಬೇಸಿಗೆ ಹತ್ತಿರ ಬಂದಾಗ ಆಸೆ ಹುಟ್ಟುತ್ತದೆ. ಕೋಡಿಗೆ ಅಡ್ಡ ಎರಡು ಸಾಲು ಮರಳಿನ ಮೂಟೆ ಇಟ್ಟರೆ ಇನ್ನೊಂದು ಅಡಿ ನೀರು ನಿಲ್ಲುತ್ತದೆ, ಒಂದು ಬೆಳೆಗೆ ಆಗುತ್ತದೆ. ಮೂಟೆ ಇಡುತ್ತಾರೆ, ಆಮೇಲೆ ತೆಗೆಯಲು ಮರೆಯುತ್ತಾರೆ. ಅಷ್ಟರಲ್ಲಿ ಮಳೆ ಬರುತ್ತದೆ. ಕೋಡಿಯಲ್ಲಿ ಹರಿಯುವ ನೀರು ಅದರ ಮೇಲಿನ ನೀರಿನ ದಪ್ಪಕ್ಕೆ ಸರಿಸಮವಾಗಿ ಕಡಿಮೆಯಾಗುವುದಿಲ್ಲ, ಅದಕ್ಕಿಂತ ವೇಗವಾಗಿ ಕಡಿಮೆಯಾಗುತ್ತದೆ. ದಪ್ಪ ಅರ್ಧಕ್ಕೆ ಇಳಿದರೆ ಹರಿವು ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಒಂದು ಅಡಿ ಮೂಟೆ ಕೋಡಿಯ ಶಕ್ತಿಯಲ್ಲಿ ದೊಡ್ಡ ಭಾಗವನ್ನೇ ತಿಂದುಬಿಡುತ್ತದೆ.

ಮೀನು ಸಾಕುವವರು ಕೋಡಿಗೆ ಬಲೆ ಕಟ್ಟುತ್ತಾರೆ. ಇದೂ ಅಷ್ಟೇ ಕೆಟ್ಟದ್ದು. 1889ರ ಮೇ 31ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅಣೆಕಟ್ಟು ಒಡೆದು ಜಾನ್ಸ್‌ಟೌನ್ ಪಟ್ಟಣ ಕೊಚ್ಚಿಹೋಯಿತು. ಸತ್ತವರು 2,209 ಜನ. ಆ ಕಟ್ಟೆ ಶ್ರೀಮಂತರ ಖಾಸಗಿ ಕ್ಲಬ್ಬಿನದು. ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಹಾಕಿದ್ದರು, ಅದಕ್ಕೆ ಕಸ ಕಡ್ಡಿ ಸಿಕ್ಕಿಕೊಂಡಿತ್ತು. ಗಾಡಿ ಓಡಾಡಲು ಅನುಕೂಲವಾಗಲಿ ಎಂದು ಏರಿಯ ತಲೆಯನ್ನು ತಗ್ಗಿಸಿದ್ದರು. ಕೆಳಗಿನ ತೂಬಿನ ಪೈಪುಗಳನ್ನು ಹಿಂದಿನ ಮಾಲೀಕರೇ ಕಿತ್ತು ಮಾರಿದ್ದರು, ಅವನ್ನು ಮತ್ತೆ ಹಾಕಿರಲಿಲ್ಲ. ಒಂದೊಂದೂ ಆಗ ಸಣ್ಣ ಅನುಕೂಲದಂತೆ ಕಂಡ ಕೆಲಸವೇ. ಮಳೆ ಬಂದ ದಿನ ನೀರಿಗೆ ಹೋಗಲು ಯಾವ ದಾರಿಯೂ ಇರಲಿಲ್ಲ. 2006ರ ಮಾರ್ಚ್ 14ರಂದು ಹವಾಯಿಯ ಕವಾಯ್ ದ್ವೀಪದಲ್ಲಿ ಕಾ ಲೋಕೋ ಎಂಬ ಹಳೆಯ ಕಬ್ಬಿನ ತೋಟದ ನೀರಾವರಿ ಕಟ್ಟೆ ಒಡೆದು 7 ಜನ ಸತ್ತರು. ಅದು ಆಗ ಖಾಸಗಿಯವರ ಕೈಯಲ್ಲಿತ್ತು. ಅಲ್ಲೂ ತನಿಖೆಯ ಬೆರಳು ಹೋಗಿ ನಿಂತದ್ದು ಮುಚ್ಚಿಹೋಗಿದ್ದ ಕೋಡಿಯ ಮೇಲೆ.

ಕೋಡಿಯ ಕೆಲಸ ಹೆಚ್ಚೇನಿಲ್ಲ. ಗಿಡಗಂಟಿ ಬೆಳೆಯಲು ಬಿಡಬಾರದು, ದಟ್ಟವಾದ ಗಿಡ್ಡ ಹುಲ್ಲು ಇರಬೇಕು, ದನ ಓಡಾಡಿ ಕಾಲುದಾರಿ ಬೀಳಬಾರದು. ಬೇಲಿ ಅದನ್ನು ದಾಟಿ ಹೋಗುವುದಾದರೆ ನೆರೆಗೆ ತಾನಾಗಿ ಬಿಚ್ಚಿಕೊಳ್ಳುವಂತೆ ಕಟ್ಟಬೇಕು. ಕೋಡಿಯ ಕೊನೆ, ಅಂದರೆ ನೀರು ಹಳ್ಳಕ್ಕೆ ಇಳಿಯುವ ಜಾಗವನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ನೋಡಬೇಕು. ಕೊರೆತ ಶುರುವಾಗುವುದು ಅಲ್ಲಿ. ಅಲ್ಲಿ ಹುಟ್ಟಿದ ಗುಂಡಿ ವರ್ಷ ವರ್ಷ ಮೇಲಕ್ಕೆ ತಿನ್ನುತ್ತಾ ಬಂದು ಒಂದು ದಿನ ಕೋಡಿಯ ತಲೆಯನ್ನೇ ಕೆಡವುತ್ತದೆ. ಕಲ್ಲು ಕಟ್ಟಿ ಅಲ್ಲೇ ನಿಲ್ಲಿಸಿಬಿಟ್ಟರೆ ಮುಗಿಯಿತು.

ಏರಿಯ ತಲೆಯ ಮಟ್ಟವನ್ನೂ ಆಗಾಗ ನೋಡಬೇಕು. ಮಣ್ಣು ಜಾಸ್ತಿ ಕುಗ್ಗುವುದು ಏರಿ ಅತಿ ಎತ್ತರವಿರುವ ಕಡೆ, ಹೆಚ್ಚಾಗಿ ಹಳೆಯ ಹಳ್ಳದ ಮೇಲೆ. ಅದಕ್ಕೇ ಕಟ್ಟುವಾಗ ನಡುವೆ ಸ್ವಲ್ಪ ಉಬ್ಬಿಸಿ ಕಟ್ಟುತ್ತಾರೆ. ಕಣ್ಣಿಗೆ ಸಮ ಕಂಡರೂ ನಂಬಬೇಡಿ. ಗಾರೆ ಕೆಲಸದವರು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಅದನ್ನು ಹಿಡಿದು ಉದ್ದಕ್ಕೂ ನೋಡಿದರೆ ಎಲ್ಲಿ ತಗ್ಗಿದೆ ಅಂತ ತಿಳಿಯುತ್ತದೆ. ನೀರು ಮೇಲೆ ಹತ್ತಿದರೆ ಆ ತಗ್ಗಿನಲ್ಲೇ ಎಲ್ಲಾ ನುಗ್ಗುತ್ತದೆ, ಉಳಿದ ಉದ್ದ ಎಷ್ಟು ಎತ್ತರವಿದ್ದರೂ ಉಪಯೋಗವಿಲ್ಲ.

ಒಳಗಿನ ಕೊರೆತ

ಏರಿಯ ತಲೆ ಹತ್ತುವ ನೀರು ಕಣ್ಣಿಗೆ ಕಾಣುತ್ತದೆ. ಒಳಗಿನ ನೀರು ಕಾಣುವುದಿಲ್ಲ. ಮಳೆಯೇ ಇಲ್ಲದ, ಬಿಸಿಲು ಕಾಯುವ ದಿನವೂ ಅದು ಏರಿಯನ್ನು ಒಡೆಯಬಲ್ಲದು.

ನೀರು ಮಣ್ಣಿನ ಕಣಗಳ ನಡುವೆ ನಿಧಾನವಾಗಿ ನುಸುಳಿ ಕೆಳಬದಿಯ ಪಾದದ ಹತ್ತಿರ ಹೊರಬರುತ್ತದೆ. ಹೊರಡುವ ಜಾಗದಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸುವ ಮರಳಿನ ಪದರ ಇಲ್ಲದಿದ್ದರೆ, ಹರಿವಿಗೆ ಸ್ವಲ್ಪ ಬಲ ಬಂದಾಗ ಅದು ಮೊದಲ ಕಣವನ್ನು ಎಳೆದುಕೊಳ್ಳುತ್ತದೆ. ಆ ಕಣ ಹೋದ ಜಾಗದಲ್ಲಿ ಸಂದು ಅಗಲವಾಗುತ್ತದೆ, ನೀರು ಇನ್ನೂ ಸಲೀಸಾಗಿ ಬರುತ್ತದೆ, ಇನ್ನಷ್ಟು ಕಣ ಹೋಗುತ್ತವೆ. ಹೀಗೆ ಪಾದದಿಂದ ಶುರುವಾದ ಸುರಂಗ ಹಿಮ್ಮುಖವಾಗಿ ನೀರಿನ ಕಡೆಗೆ ಬೆಳೆಯುತ್ತದೆ. ಅದು ನೀರನ್ನು ಮುಟ್ಟಿದ ಗಳಿಗೆಯಿಂದ ಉಳಿಯುವುದು ಕೆಲವೇ ಗಂಟೆಗಳು. 1976ರ ಜೂನ್ 5ರಂದು ಅಮೆರಿಕದ ಐಡಾಹೋದಲ್ಲಿ ಟೀಟನ್ ಅಣೆಕಟ್ಟು ಹೀಗೇ ಹೋಯಿತು. ಅದು 90 ಮೀಟರಿಗೂ ಎತ್ತರದ ಸರ್ಕಾರಿ ಅಣೆಕಟ್ಟು, ಮೊದಲ ಸಲ ತುಂಬುತ್ತಿತ್ತು. ಬೆಳಗ್ಗೆ ಕೆಸರು ನೀರಿನ ಸೋರಿಕೆ ಕಂಡಿತು. ಬುಲ್ಡೋಜರುಗಳು ತೂತಿಗೆ ಮಣ್ಣು ನೂಕಲು ಹೋದವು, ತೂತು ಬುಲ್ಡೋಜರುಗಳನ್ನೇ ನುಂಗಿತು. ಮಧ್ಯಾಹ್ನ 12 ಗಂಟೆ ಆಗುವ ಮೊದಲೇ ಏರಿ ಬಿದ್ದುಹೋಯಿತು, 11 ಜನ ಸತ್ತರು. ಅಷ್ಟು ದೊಡ್ಡದಕ್ಕೇ ಒಂದು ಬೆಳಗ್ಗೆ ಸಾಕಾಯಿತು.

ಹಾಗಾದರೆ ಪಾದದಲ್ಲಿ ಒದ್ದೆ ಕಂಡ ತಕ್ಷಣ ಹೆದರಬೇಕಾ? ಬೇಡ. ನೋಡಬೇಕಾದದ್ದು ಎರಡು: ನೀರು ತಿಳಿಯಾಗಿದೆಯಾ, ಮೊದಲಿನಷ್ಟೇ ಇದೆಯಾ?

ತಿಳಿಯೋ ಅಲ್ಲವೋ ಎಂದು ನೋಡಲು ಒಂದು ಗಾಜಿನ ಜಾಡಿ ಸಾಕು. ಒಸರುವ ಕಡೆ ಕೆಳಗಿನ ಮಣ್ಣು ಕದಡದಂತೆ ಜಾಡಿಯನ್ನು ಓರೆಯಾಗಿ ಹಿಡಿದು ತುಂಬಿಸಿ, ಬೆಳಕಿಗೆ ಹಿಡಿದು ನೋಡಿ. ಆಮೇಲೆ ಅಲುಗದ ಜಾಗದಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ತಳದಲ್ಲಿ ನವಿರಾದ ಮಣ್ಣಿನ ಪದರ ಕೂತಿದ್ದರೆ ಏರಿ ಒಳಗಿಂದ ಕರಗುತ್ತಿದೆ. ಪದರ ಒಂದು ಗೆರೆಯಷ್ಟೇ ಇದ್ದರೂ ತಳ್ಳಿಹಾಕಬೇಡಿ. ಜಾಡಿಗೆ ತಾರೀಕು ಬರೆದು ಇಟ್ಟುಕೊಂಡರೆ ಮುಂದಿನ ತಿಂಗಳ ಜಾಡಿಯ ಪಕ್ಕದಲ್ಲಿ ಇಟ್ಟು ಹೋಲಿಸಬಹುದು. ಕಣ್ಣೆದುರು ಕೆಸರಾಗಿಯೇ ಬರುತ್ತಿದ್ದರೆ ಮಾತ್ರ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ.

ಎಷ್ಟಿದೆ ಎಂದು ತಿಳಿಯಲು ಒಸರು ನೀರನ್ನೆಲ್ಲ ಒಂದು ಸಣ್ಣ ಕಾಲುವೆಗೆ ಸೇರಿಸಿ, ಅದರ ತುದಿಗೆ ಒಂದು ಪೈಪು ಕೂರಿಸಿ. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಎಣಿಸಿ, ಆ ದಿನದ ನೀರಿನ ಮಟ್ಟದ ಜೊತೆ ಬರೆದಿಡಿ. ಕಟ್ಟೆಯಲ್ಲಿ ನೀರು ಏರಿದಾಗ ಒಸರು ಸ್ವಲ್ಪ ಹೆಚ್ಚುವುದು ಸಹಜ. ನೀರಿನ ಮಟ್ಟ ಅಷ್ಟೇ ಇದ್ದು ಒಸರು ಮಾತ್ರ ಹೆಚ್ಚಿದರೆ ಒಳಗೆ ದಾರಿ ಅಗಲವಾಗುತ್ತಿದೆ. ವರ್ಷಗಳಿಂದ ಬರುತ್ತಿದ್ದ ಒಸರು ಇದ್ದಕ್ಕಿದ್ದಂತೆ ನಿಂತರೂ ಖುಷಿಪಡಬೇಡಿ. ಪಾದದ ಜಲ್ಲಿಯೋ ಪೈಪೋ ಕಟ್ಟಿಕೊಂಡು, ನೀರು ಏರಿಯೊಳಗೆ ಮೇಲಕ್ಕೆ ಏರುತ್ತಿರಬಹುದು. ಇಳಿಜಾರಿನ ನಡುಮಟ್ಟದಲ್ಲಿ ಹೊಸದಾಗಿ ಹಸಿರು ಪಟ್ಟೆಯೊಂದು ಕಂಡರೆ, ಬೇಸಿಗೆಯಲ್ಲೂ ಅಲ್ಲಿ ಜವುಗು ಹುಲ್ಲು ಬೆಳೆದರೆ, ಅದೂ ಇದೇ ಕಥೆ ಹೇಳುತ್ತಿದೆ.

ಸೋರಿಕೆ ಕಂಡ ಕೂಡಲೇ ಅದರ ಬಾಯಿಗೆ ಜೇಡಿಮಣ್ಣು ಮೆತ್ತುವುದು, ಸಿಮೆಂಟು ಸುರಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮಾಡಬೇಡಿ. ಹೊರಗಿನ ಬಾಯಿ ಮುಚ್ಚಿದರೆ ಒಳಗಿನ ಒತ್ತಡ ಬೆಳೆಯುತ್ತದೆ, ನೀರು ಪಕ್ಕದಲ್ಲಿ ಇನ್ನೊಂದು ಕಡೆ, ಇನ್ನೂ ಕೆಟ್ಟ ಜಾಗದಲ್ಲಿ ಕಿತ್ತುಕೊಂಡು ಬರುತ್ತದೆ. ಮಾಡಬೇಕಾದದ್ದು ನೀರಿಗೆ ದಾರಿ ಬಿಟ್ಟು ಮಣ್ಣನ್ನು ಹಿಡಿಯುವುದು. ಮೊದಲು ಸ್ವಚ್ಛವಾದ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕುತ್ತಾ ಬರಬೇಕು. ಮರಳು ಮಣ್ಣನ್ನು ತಡೆಯುತ್ತದೆ, ಜಲ್ಲಿ ಮರಳನ್ನು ತಡೆಯುತ್ತದೆ, ಎಲ್ಲದರ ತೂಕ ಪಾದವನ್ನು ಒತ್ತಿ ಹಿಡಿಯುತ್ತದೆ, ನೀರು ತಿಳಿಯಾಗಿ ಹೊರಗೆ ಬರುತ್ತದೆ. ಕಟ್ಟುವಾಗಲೇ ಏರಿಯೊಳಗೆ ಇಡುವ ಮರಳಿನ ಸೋಸು ಪದರದ ತತ್ವವೂ ಇದೇ. ಮರಳಿನ ಕಾಳು ಏರಿಯ ಮಣ್ಣಿಗೆ ಹೊಂದುವಂತಿರಬೇಕು. ಅದರ ಆಯ್ಕೆಗೆ ಎಂಜಿನಿಯರ್ ಬೇಕು.

ಕೆಲವು ಜೇಡಿಮಣ್ಣುಗಳು ಹುಟ್ಟಾ ಕೆಟ್ಟವು. ಒಣಗಿದಾಗ ಕಲ್ಲಿನಂತಿರುತ್ತವೆ, ತಿಳಿನೀರು ತಾಗಿದರೆ ತಾವಾಗಿ ಕಣಕಣವಾಗಿ ಬಿಚ್ಚಿಕೊಂಡು ತೇಲಿಹೋಗುತ್ತವೆ. ಸೋಡಿಯಂ ಜಾಸ್ತಿ ಇರುವ ಮಣ್ಣಿನಲ್ಲಿ ಹೀಗಾಗುತ್ತದೆ. ಒಂದು ಗಾಜಿನ ಲೋಟದಲ್ಲಿ ಬಟ್ಟಿ ಇಳಿಸಿದ ನೀರು ತೆಗೆದುಕೊಂಡು, ಕಡಲೆಕಾಳಿನಷ್ಟು ಮಣ್ಣಿನ ಹೆಂಟೆಯನ್ನು ಮೆಲ್ಲಗೆ ತಳಕ್ಕೆ ಬಿಡಿ. ಅಲುಗಿಸಬೇಡಿ. ಹೆಂಟೆ ಸುಮ್ನೆ ಕುಸಿದು ಗುಡ್ಡೆಯಾಗಿ ಕೂತು ನೀರು ತಿಳಿಯಾಗಿ ಉಳಿದರೆ ಭಯವಿಲ್ಲ. ಹತ್ತು ನಿಮಿಷದೊಳಗೆ ಅದರ ಸುತ್ತ ಹಾಲಿನಂಥ ಮಬ್ಬು ಹರಡಿ ತಳವನ್ನೆಲ್ಲ ಮುಚ್ಚಿದರೆ ಆ ಮಣ್ಣಿನಲ್ಲಿ ಏರಿ ಕಟ್ಟುವ ಮೊದಲು, ಕಟ್ಟಿದ್ದರೆ ಅದನ್ನು ಮುಟ್ಟುವ ಮೊದಲು, ಮಣ್ಣಿನ ಪ್ರಯೋಗಾಲಯಕ್ಕೆ ಹೋಗಿ. ಜಿಪ್ಸಂ ಬೆರೆಸಿ ಸರಿಪಡಿಸುವ ವಿಧಾನ ಇದೆ, ಎಷ್ಟು ಬೆರೆಸಬೇಕು ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ತೂಬಿನ ಪೈಪು

ಏರಿಯ ಹೊಟ್ಟೆಯಲ್ಲಿ ಹಾದುಹೋಗುವ ತೂಬಿನ ಪೈಪು ಇಡೀ ಕಟ್ಟೆಯ ಅತಿ ದುರ್ಬಲ ಜಾಗ. ದುಂಡಗಿನ ಪೈಪಿನ ತಳಭಾಗಕ್ಕೆ ಮಣ್ಣನ್ನು ಸರಿಯಾಗಿ ದಮ್ಮಸು ಮಾಡುವುದು ಕಷ್ಟ. ಅಲ್ಲಿ ಉಳಿದ ಸಂದಿನಲ್ಲಿ ನೀರು ಪೈಪಿನ ಹೊರಮೈ ಹಿಡಿದು ಹರಿಯುತ್ತದೆ. ಪೈಪಿಗೇ ತುಕ್ಕು ಹಿಡಿದು ತೂತಾದರೆ ಮಣ್ಣು ಪೈಪಿನೊಳಗೆ ಬಿದ್ದು ನೀರಿನ ಜೊತೆ ಹೊರಟುಹೋಗುತ್ತದೆ, ಮೇಲೆ ಏರಿಯ ಮೇಲೆ ಒಂದು ಗುಂಡಿ ಕುಸಿಯುತ್ತದೆ. ಹೆಗ್ಗಣದ ಬಿಲ ಅಂದುಕೊಂಡು ಅದಕ್ಕೆ ಮಣ್ಣು ತುಂಬಿ ಮರೆತುಬಿಡುವವರಿದ್ದಾರೆ. ಪೈಪಿನ ನೇರಕ್ಕೆ ಗುಂಡಿ ಬಿದ್ದಿದ್ದರೆ ಅದನ್ನು ಬಿಲ ಅಂದುಕೊಳ್ಳಲೇಬಾರದು.

ಅಮೆರಿಕದ ಕೊಲರಾಡೋದಲ್ಲಿ ಲಾನ್ ಲೇಕ್ ಎಂಬ ಮಣ್ಣಿನ ಕಟ್ಟೆ ಇತ್ತು. 1903ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 8 ಮೀಟರ್, ಒಂದು ಖಾಸಗಿ ನೀರಾವರಿ ಕಂಪನಿಯದು. ಬೆಟ್ಟದ ಮೇಲಿದ್ದ ಕಾರಣ ಅಲ್ಲಿಗೆ ಹೋಗಿ ನೋಡುವುದೇ ಕಷ್ಟ. ತೂಬಿನ ಪೈಪು ಮತ್ತು ಗೇಟ್ ವಾಲ್ವ್ ಸೇರುವ ಕಡೆ ಹಾಕಿದ್ದ ಸೀಸದ ಬೆಸುಗೆ ವರ್ಷಗಳಲ್ಲಿ ಹಾಳಾಯಿತು. ಅಲ್ಲಿ ಸೋರಿದ ನೀರು ಸುತ್ತಲಿನ ಮಣ್ಣನ್ನು ತಿಂದಿತು. 1982ರ ಜುಲೈ 15ರ ಬೆಳಗ್ಗೆ ಏರಿ ಒಡೆದು 3 ಜನ ಸತ್ತರು. ಬಂದ ನೀರಿನ ಹೊಡೆತಕ್ಕೆ ಕೆಳಗಿದ್ದ ಇನ್ನೊಂದು ಸಣ್ಣ ಅಣೆಕಟ್ಟೂ ಬಿತ್ತು, ಎಸ್ಟಸ್ ಪಾರ್ಕ್ ಪಟ್ಟಣದ ಪೇಟೆಯೆಲ್ಲ ಕೆಸರಾಯಿತು. ಒಂದು ಬೆಸುಗೆಯಿಂದ ಇಷ್ಟೆಲ್ಲ ಆಯಿತು.

ಈ ಘಟನೆಯಲ್ಲಿ ಮಾಲೀಕರಿಗೆ ನೇರವಾಗಿ ಉಪಯೋಗವಾಗುವ ಪಾಠವಿದೆ. ವಾಲ್ವ್ ನೀರಿನ ಬದಿಯಲ್ಲೇ, ಪೈಪಿನ ಶುರುವಿನಲ್ಲಿ ಇದ್ದರೆ ಮುಚ್ಚಿದಾಗ ಏರಿಯೊಳಗಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಹೊರಬದಿಯಲ್ಲಿ ಮಾತ್ರ ಇದ್ದರೆ ಪೈಪು ಇಡೀ ವರ್ಷ ಒತ್ತಡ ಹೊತ್ತುಕೊಂಡಿರುತ್ತದೆ, ಒಂದು ಜಾಯಿಂಟ್ ಬಿಟ್ಟರೂ ನೀರು ನೇರ ಮಣ್ಣಿಗೆ ನುಗ್ಗುತ್ತದೆ. ಇಂಥ ಕಟ್ಟೆ ಇದ್ದವರು ಪೈಪಿನ ವಯಸ್ಸನ್ನು ಲೆಕ್ಕ ಇಟ್ಟುಕೊಳ್ಳಬೇಕು, ಕೆಲವು ವರ್ಷಕ್ಕೊಮ್ಮೆ ಒಳಗೆ ಕ್ಯಾಮೆರಾ ಬಿಟ್ಟು ನೋಡಿಸಬೇಕು. ವಾಲ್ವ್ ಎಲ್ಲಿದ್ದರೂ ವರ್ಷಕ್ಕೆ ಒಂದೆರಡು ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚಿ, ಗ್ರೀಸ್ ಹಾಕಿ. ತುರ್ತಿಗೆ ನೀರು ಇಳಿಸಬೇಕಾದ ದಿನ ತುಕ್ಕು ಹಿಡಿದ ತಿರುಗಣೆ ಅಲುಗದಿದ್ದರೆ ಏನೂ ಮಾಡುವಂತಿಲ್ಲ.

ಮರ, ಬಿಲ, ಬಿರುಕು

ಏರಿಯ ಮೇಲೆ ಮರ ಇದ್ದರೆ ಮಣ್ಣು ಗಟ್ಟಿಯಾಗುತ್ತದೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಬೇರು ನೀರನ್ನು ಹುಡುಕಿಕೊಂಡು ಏರಿಯೊಳಗೆ ಹೋಗುತ್ತದೆ. ಮರ ಸತ್ತ ಮೇಲೆ ಬೇರು ಕೊಳೆತು ಆ ಜಾಗದಲ್ಲಿ ತಯಾರಾದ ಕೊಳವೆ ಉಳಿಯುತ್ತದೆ. ಬಿರುಗಾಳಿಗೆ ಮರ ಬುಡಸಮೇತ ಬಿದ್ದರೆ ಏರಿಯ ಒಂದು ದೊಡ್ಡ ತುಂಡೇ ಅದರ ಜೊತೆ ಎದ್ದು ಬರುತ್ತದೆ. ಸಸಿಯಾಗಿದ್ದಾಗಲೇ ಕಿತ್ತುಬಿಡಿ. ದೊಡ್ಡ ಮರವನ್ನು ಕಡಿದು ಬುಡ ಬಿಟ್ಟರೆ ಬೇರು ಕೊಳೆಯಲು ಶುರುವಾಗುತ್ತದೆ, ಹಾಗಂತ ಕಟ್ಟೆ ತುಂಬಿರುವಾಗ ಬುಡ ಅಗೆಯುವುದೂ ಅಪಾಯ. ನೀರು ಇಳಿಸಿ, ಬೇರು ತೆಗೆದು, ಆ ಗುಂಡಿಗೆ ಅದೇ ಥರದ ಮಣ್ಣನ್ನು 15 ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ದಮ್ಮಸು ಮಾಡಿ ತುಂಬಬೇಕು. ಏರಿಗೆ ಬೇಕಾದದ್ದು ಹುಲ್ಲು ಮಾತ್ರ, ಅದೂ ಗಿಡ್ಡವಾಗಿ ಕತ್ತರಿಸಿದ ಹುಲ್ಲು. ಪೊದೆ ಬೆಳೆದ ಏರಿಯಲ್ಲಿ ನಡೆದರೂ ಏನೂ ಕಾಣುವುದಿಲ್ಲ.

ಹೆಗ್ಗಣ, ಮುಳ್ಳುಹಂದಿ, ಏಡಿ, ಗೆದ್ದಲು ಎಲ್ಲವೂ ನೀರಿಗೆ ಅರ್ಧ ದಾರಿ ಕೊರೆದು ಕೊಡುತ್ತವೆ. ಬಿಲದ ಬಾಯಿ ಮುಚ್ಚಿದರೆ ಸಾಲದು, ಕೊನೆಯವರೆಗೆ ಅಗೆದು ತುಂಬಬೇಕು, ಇಲ್ಲವೇ ತೆಳ್ಳಗಿನ ಮಣ್ಣಿನ ಗಂಜಿ ಹೊಯ್ದು ಭರ್ತಿ ಮಾಡಬೇಕು.

ಬಿರುಕುಗಳಲ್ಲಿ ದಿಕ್ಕು ಮುಖ್ಯ. ಏರಿಯ ಉದ್ದಕ್ಕೂ ಸಾಗುವ, ತುದಿಗಳಲ್ಲಿ ಕೆಳಗೆ ಬಾಗಿದ ಬಿರುಕು ಇಳಿಜಾರು ಜಾರಲು ಹೊರಟಿದೆ ಎಂದು ಹೇಳುತ್ತದೆ. ಅಡ್ಡಕ್ಕೆ, ನೀರಿನ ಬದಿಯಿಂದ ಹೊರಬದಿಗೆ ದಾಟುವ ಬಿರುಕು ನೀರಿಗೆ ನೇರ ದಾರಿ. ಬಿಸಿಲಿಗೆ ಜೇಡಿಮಣ್ಣು ಜಾಲದಂತೆ ಬಿಡುವ ಸಣ್ಣ ಬಿರುಕುಗಳು ಸಾಮಾನ್ಯವಾಗಿ ಮೇಲ್ಮೈಯಲ್ಲೇ ಮುಗಿಯುತ್ತವೆ. ಅನುಮಾನವಿದ್ದರೆ ಬಿರುಕಿಗೆ ಸುಣ್ಣದ ನೀರು ಹೊಯ್ದು, ಪಕ್ಕದಲ್ಲಿ ಅಗೆದು ನೋಡಿ. ಬಿಳಿ ಗೆರೆ ಎಷ್ಟು ಆಳಕ್ಕೆ ಹೋಗಿದೆಯೋ ಬಿರುಕು ಅಷ್ಟು ಆಳ.

ಕಟ್ಟೆಯ ನೀರನ್ನು ಖಾಲಿ ಮಾಡುವಾಗಲೂ ಅವಸರ ಬೇಡ. ಏರಿಯ ಒಳಬದಿಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಅದನ್ನು ಆನಿಸಿ ಹಿಡಿದಿದ್ದ ಕಟ್ಟೆಯ ನೀರು ದಿಢೀರನೆ ಇಳಿದರೆ, ಒಳಗಿನ ನೀರು ಹೊರಗೆ ಬರಲು ಸಮಯವಿಲ್ಲದೆ ಒಳಬದಿಯೇ ಜಾರಿ ಬೀಳಬಹುದು. ತುರ್ತು ಇಲ್ಲದಿದ್ದರೆ ದಿನಕ್ಕೆ ಒಂದು ಅಡಿಗಿಂತ ಜಾಸ್ತಿ ಇಳಿಸದಿರುವುದು ಒಳ್ಳೆಯದು. ಹೊಸ ಕಟ್ಟೆಯನ್ನು ಮೊದಲ ಸಲ ತುಂಬುವಾಗಲೂ ನಿಧಾನವೇ ಲೇಸು. ಕಟ್ಟಿದವರ ತಪ್ಪುಗಳೆಲ್ಲ ಹೊರಗೆ ಬರುವುದು ಆಗಲೇ.

ಸುತ್ತು ಹಾಕುವುದು

ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನಾ, ಜೋರು ಮಳೆ ನಿಂತ ಮೇಲೆ ತಪ್ಪದೆ ಒಂದು ಸುತ್ತು ನಡೆಯಿರಿ. ಹೋಗುವಾಗ ತಲೆಯ ಮೇಲೆ, ಬರುವಾಗ ಪಾದದ ಉದ್ದಕ್ಕೂ. ಬೆಳಗಿನ ಓರೆ ಬಿಸಿಲಿನಲ್ಲಿ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತವೆ. ಒಂದೇ ಜಾಗದಲ್ಲಿ ನಿಂತು ಪ್ರತಿ ತಿಂಗಳು ಮೊಬೈಲಿನಲ್ಲಿ ಅದೇ ಫೋಟೋ ತೆಗೆಯಿರಿ. ನೆನಪು ಕೈಕೊಡುತ್ತದೆ, ಫೋಟೋ ಕೊಡುವುದಿಲ್ಲ. ಏರಿಯ ಮೇಲಿನ ಬೇಲಿ ಕಂಬಗಳ ಸಾಲು ನೇರವಾಗಿದೆಯೇ ಎಂದು ಒಂದು ತುದಿಯಿಂದ ಕಣ್ಣಿಟ್ಟು ನೋಡುವುದೂ ಒಳ್ಳೆಯ ಅಭ್ಯಾಸ. ಕಂಬ ಸರಿದಿದ್ದರೆ ಮಣ್ಣು ಸರಿದಿದೆ.

ಕೆಲವು ಗುರುತುಗಳು ಕಂಡರೆ ನೋಡುತ್ತಾ ನಿಲ್ಲಬಾರದು. ಕೆಸರು ನೀರಿನ ಒಸರು, ಪಾದದ ನೆಲದಲ್ಲಿ ಮರಳು ಕುದಿಯುವಂತೆ ಏಳುವ ಬುಗ್ಗೆ, ಇಳಿಜಾರಿನಲ್ಲಿ ಹೊಸ ಕುಸಿತ, ಒಳಗೆ ನೀರಿನ ಮೇಲೆ ಸುಳಿ. ಇವುಗಳಲ್ಲಿ ಯಾವುದು ಕಂಡರೂ ಮೊದಲ ಫೋನು ಕೆಳಗಿನ ಮನೆಗಳಿಗೆ. ರಿಪೇರಿಯ ಯೋಚನೆ ಆಮೇಲೆ. ಅದಕ್ಕೇ ಕೆಳಗಿನವರ ನಂಬರುಗಳ ಪಟ್ಟಿ, ನೀರು ಯಾವ ದಾರಿಯಲ್ಲಿ ಹೋಗಬಹುದೆಂಬ ಒಂದು ನಕ್ಷೆ, ಪೊಲೀಸ್ ಮತ್ತು ಎಂಜಿನಿಯರ್ ನಂಬರು ಮೊದಲೇ ಬರೆದಿಟ್ಟಿರಬೇಕು, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಬೇಕು. ಕೊನೆಗೆ ಏನೂ ಆಗದಿದ್ದರೆ ಜನ ಬೈಯಬಹುದು. ಬೈಸಿಕೊಳ್ಳುವುದೇ ಮೇಲು.

ಆಮೇಲೆ ತೂಬು ಪೂರ್ತಿ ತೆರೆಯಿರಿ, ಪಂಪು ಹಚ್ಚಿ, ಪೈಪು ಇದ್ದರೆ ಏರಿಯ ಮೇಲಿಂದ ಸೈಫನ್ ಹಾಕಿ, ಅಂದರೆ ನೀರು ತುಂಬಿದ ಪೈಪಿನಲ್ಲಿ ನೀರು ತಾನಾಗಿ ಏರಿ ದಾಟಿ ಕೆಳಗೆ ಇಳಿಯುವಂತೆ ಮಾಡಿ. ಆಗ ದಿನಕ್ಕೆ ಒಂದು ಅಡಿ ಎಂಬ ಲೆಕ್ಕ ಬೇಡ. ಪಾದದಲ್ಲಿ ಮೊದಲೇ ರಾಶಿ ಹಾಕಿಟ್ಟ ಮರಳು ಜಲ್ಲಿ ಉಪಯೋಗಕ್ಕೆ ಬರುವುದು ಈಗ, ಆದರೆ ಸೋರಿಕೆ ಬೆಳೆಯುತ್ತಿದ್ದರೆ ಯಾರನ್ನೂ ಏರಿಯ ಕೆಳಗೆ ಇಳಿಸಬೇಡಿ. ನೀರು ಬಿಡಲು ಏರಿಯನ್ನೇ ಕಡಿಯುವ ಯೋಚನೆಯನ್ನು ಯಾವ ಕಾರಣಕ್ಕೂ ಮಾಡಬೇಡಿ. ಒಂದು ಗುದ್ದಲಿ ಅಗಲದ ಕಾಲುವೆ ನೋಡನೋಡುತ್ತಾ ಇಡೀ ಏರಿಯನ್ನು ಕೊಂಡೊಯ್ಯುತ್ತದೆ.

ಹೊಣೆ

ಮಳೆ ಜಾಸ್ತಿ ಬಂತು, ನಾನೇನು ಮಾಡಲಿ ಎಂಬ ಮಾತು ನ್ಯಾಯಾಲಯದಲ್ಲಿ ಸುಲಭವಾಗಿ ನಡೆಯುವುದಿಲ್ಲ. ಈ ವಿಷಯದ ಅತಿ ಹೆಸರಾದ ತೀರ್ಪು ಹುಟ್ಟಿದ್ದೇ ಒಂದು ಖಾಸಗಿ ನೀರಿನ ಕಟ್ಟೆಯಿಂದ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಗಿರಣಿ ಮಾಲೀಕರೊಬ್ಬರು ಕಟ್ಟಿಸಿದ ಕಟ್ಟೆಯ ನೀರು 1860ರಲ್ಲಿ ನೆಲದಡಿಯ ಹಳೆಯ ಗಣಿ ಬಾವಿಗಳ ಮೂಲಕ ಪಕ್ಕದವರ ಕಲ್ಲಿದ್ದಲು ಗಣಿಗೆ ನುಗ್ಗಿತು. ಹಳೆಯ ಬಾವಿಗಳಿರುವುದು ಮಾಲೀಕರಿಗೆ ಗೊತ್ತಿರಲಿಲ್ಲ, ಕೆಲಸ ಮಾಡಿಸಿದ್ದು ಬೇರೆಯವರಿಂದ. ಆದರೂ 1868ರಲ್ಲಿ, ಆಗ ಅಲ್ಲಿನ ಅತಿ ಮೇಲಿನ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರನ್ನೇ ಹೊಣೆ ಮಾಡಿತು. ತಪ್ಪಿಸಿಕೊಂಡರೆ ಹಾನಿ ಮಾಡುವಂಥದ್ದನ್ನು ತನ್ನ ನೆಲದಲ್ಲಿ ತಂದಿಟ್ಟುಕೊಂಡವರು ಅದಕ್ಕೆ ಉತ್ತರ ಹೇಳಬೇಕು ಎಂಬ ಈ ನಿಯಮ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಮೊಕದ್ದಮೆಯ ಹೆಸರಿನಲ್ಲಿ ಹಲವು ದೇಶಗಳ ಕಾನೂನಿಗೆ ಬಂದಿದೆ. ಜಮೀನು ಕೊಳ್ಳುವವರು ಅದರಲ್ಲಿರುವ ಹಳೆಯ ಕಟ್ಟೆಯ ಜೊತೆ ಈ ಹೊಣೆಯನ್ನೂ ಕೊಳ್ಳುತ್ತಿರುತ್ತಾರೆ. ಸಹಿ ಹಾಕುವ ಮೊದಲು ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ ಏರಿ ತೋರಿಸುವುದು ಬುದ್ಧಿವಂತಿಕೆ.

ನೋಡಿಕೊಳ್ಳುವ ಶಕ್ತಿ ಇಲ್ಲದಿದ್ದರೆ, ಅಥವಾ ಆ ನೀರೇ ಈಗ ಬೇಡವಾಗಿದ್ದರೆ, ಕಟ್ಟೆಯನ್ನು ಸುಮ್ನೆ ಬಿಟ್ಟುಬಿಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಬಿಟ್ಟ ಕಟ್ಟೆಯೂ ಪ್ರತಿ ಮಳೆಗಾಲ ತುಂಬುತ್ತದೆ. ಅದನ್ನು ಸರಿಯಾಗಿ ಬಿಚ್ಚಬಹುದು. ಬೇಸಿಗೆಯಲ್ಲಿ ನೀರನ್ನು ನಿಧಾನವಾಗಿ ಖಾಲಿ ಮಾಡಿ, ಹಳ್ಳದ ಹಳೆಯ ತಳದವರೆಗೆ ಏರಿಯನ್ನು ಅಗಲವಾಗಿ ಕತ್ತರಿಸಿ, ಎರಡೂ ಬದಿಯನ್ನು ಓರೆ ಮಾಡಿ, ಹುಲ್ಲು ನೆಟ್ಟು, ತಳಕ್ಕೆ ಕಲ್ಲು ಹಾಸಬೇಕು. ಒಳಗೆ ವರ್ಷಗಟ್ಟಲೆ ಕೂತ ಹೂಳು ಒಂದೇ ಮಳೆಗೆ ಕೆಳಗಿನವರ ಹೊಲಕ್ಕೆ ಇಳಿಯದಂತೆ ಮೊದಲೇ ತೆಗೆದು ಹರಡಬೇಕು. ಕತ್ತರಿಸುವ ಅಗಲ ಎಷ್ಟಿರಬೇಕು ಎಂಬುದನ್ನು ದೊಡ್ಡ ನೆರೆಯ ಲೆಕ್ಕ ಹಾಕಿ ಎಂಜಿನಿಯರ್ ಹೇಳಬೇಕು. ಅನುಮತಿಯನ್ನೂ ಮೊದಲೇ ಪಡೆಯಬೇಕಾಗಬಹುದು, ಹಾಗಾಗಿ ಮಳೆಗೆ ಬಹಳ ಮೊದಲೇ ಕೆಲಸ ಶುರುಮಾಡಿ.